ಭಾಷೆ ಓದೋಕೆ ಮಗ ಹೊರಟಿದ್ದಾನೆ ಅಂದವರಿಗೆ

ಎಲ್ಲರಿಗೂ ನಮಸ್ಕಾರ. ಮಗ ಯೂನಿವರ್ಸಿಟಿಯಲ್ಲಿ ಸ್ಪ್ಯಾನಿಷ್ ಓದ್ತೀನಿ ಅಂತ ಹಟ ಹಿಡಿದಿದ್ದಾನೆ, ಏನು ಮಾಡೋದು ಅಂತ ಮೊನ್ನೆ ಗುಂಪಿನಲ್ಲಿ ಕೇಳಿದ್ದರಲ್ಲ, ಅವರಿಗೆ ಈ ಉತ್ತರ. ಸ್ವಲ್ಪ ಉದ್ದ ಆಗತ್ತೆ. ನಮ್ಮ ಮಗಳು ಇಲ್ಲೇ ಇಂಗ್ಲೆಂಡಿನಲ್ಲಿ ಜರ್ಮನ್ ಓದುತ್ತಿದ್ದಾಳೆ, ಈಗ ಕೊನೆಯ ವರ್ಷ. ಅವಳು ಈ ಕೋರ್ಸು ಹಿಡಿದಾಗ ನಾನೂ ನಿಮ್ಮ ಹಾಗೇ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೆ.

ಇಲ್ಲಿ ಭಾಷೆಯ ಡಿಗ್ರಿ ಸಾಮಾನ್ಯವಾಗಿ ನಾಲ್ಕು ವರ್ಷ. ಮೂರನೆಯ ವರ್ಷ ಆ ಭಾಷೆ ಆಡುವ ದೇಶದಲ್ಲಿ ಕಳೆಯಬೇಕು. ಅಲ್ಲಿನ ಯೂನಿವರ್ಸಿಟಿಯಲ್ಲಿ ಓದಬಹುದು, ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಬಹುದು, ಇಲ್ಲವೇ ಬ್ರಿಟಿಷ್ ಕೌನ್ಸಿಲ್ ಮೂಲಕ ಶಾಲೆಯಲ್ಲಿ ಇಂಗ್ಲಿಷ್ ಟೀಚರ್‌ಗೆ ಸಹಾಯಕರಾಗಿ ಸೇರಬಹುದು. ಮಗಳು ಶಾಲೆಯನ್ನೇ ಆರಿಸಿಕೊಂಡಳು. ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಹತ್ತಿರ ಒಂದು ಚಿಕ್ಕ ಊರು. ವಾರಕ್ಕೆ 12 ಗಂಟೆ ಕೆಲಸ. ಉಳಿದ ಹೊತ್ತೆಲ್ಲ ಜನರ ಜೊತೆ.

ಮೊದಲ ವಾರವೇ ಪೆಟ್ಟು ತಿಂದಳು. ಬಾಡಿಗೆ ರೂಮು ನೋಡೋಕೆ 'ಹಾಲ್ಪ್ ಡ್ರೈ'ಗೆ ಬಾ ಅಂತ ಮನೆಯವರು ಫೋನಿನಲ್ಲಿ ಹೇಳಿದರು. ಪದಕ್ಕೆ ಪದ ಹಿಡಿದರೆ 'ಅರ್ಧ ಮೂರು'. ಇಂಗ್ಲೆಂಡಿನಲ್ಲಿ 'ಹಾಫ್ ತ್ರೀ' ಅಂದರೆ ಮೂರೂವರೆ. ಜರ್ಮನ್ನರಿಗೆ ಅದು ಎರಡೂವರೆ, ಮೂರರ ಕಡೆಗೆ ಅರ್ಧ ದಾರಿ. ಇವಳು ಒಂದು ಗಂಟೆ ತಡವಾಗಿ ಹೋದಳು, ರೂಮು ಬೇರೆಯವರ ಪಾಲಾಗಿತ್ತು. 'ಅಮ್ಮ, ಇದನ್ನ ನಾನು ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದೆ' ಅಂತ ಅತ್ತುಬಿಟ್ಟಳು. ಪುಸ್ತಕದಲ್ಲಿ ಗೊತ್ತಿರೋದು ಬೇರೆ, ಕಿವಿಗೆ ಬಿದ್ದ ತಕ್ಷಣ ಗೊತ್ತಾಗೋದು ಬೇರೆ. ಆಮೇಲೆ ಒಂದು ಸಲವೂ ಆ ತಪ್ಪು ಮಾಡಲಿಲ್ಲ.

ಇನ್ನೊಂದು ಬೇಕರಿಯ ವಿಷಯ. ಚಿಕ್ಕ ಬನ್ನಿಗೆ ಕ್ಲಾಸಿನಲ್ಲಿ ಕಲಿತ ಪದ 'ಬ್ರೋಟ್‌ಖೆನ್'. ಆ ಸೀಮೆಯಲ್ಲಿ ಜನ ಅನ್ನೋದು 'ವೆಕ್ಲೆ'. ಬೇಕರಿಯ ಹೆಂಗಸು ದಿನಾ ಬೆಳಿಗ್ಗೆ ಇವಳು ವಾಕ್ಯ ಮುಗಿಸೋವರೆಗೂ ಇಕ್ಕುಳ ಕೈಯಲ್ಲಿ ಹಿಡಿದು ಸುಮ್ನೆ ನಿಂತಿರುತ್ತಿದ್ದರಂತೆ. ನಗಲಿಲ್ಲ, ಇಂಗ್ಲಿಷಿಗೆ ತಿರುಗಲಿಲ್ಲ. ಇವಳು ತಪ್ಪು ಹೇಳಿದರೆ, ಸರಿಯಾದ ಪದವನ್ನು ತಮ್ಮ ಮಾತಿನಲ್ಲಿ ಸೇರಿಸಿ ತಿರುಗಿ ಹೇಳುತ್ತಿದ್ದರು, ಅಷ್ಟೇ.

ಇದನ್ನು ಕೇಳುವಾಗ ನನಗೆ ಒಂದು ಹಳೆಯ ದಿನ ನೆನಪಾಯಿತು. ಮಗಳಿಗೆ ಆಗ ಎಂಟು ವರ್ಷ. ಮನೆ ತುಂಬ ನೆಂಟರು. ಬಾಗಿಲ ಕಡೆಯಿಂದ ಓಡಿ ಬಂದು 'ಅಜ್ಜಿ ಬಂದ!' ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ. ಆಮೇಲೆ ತಿಂಗಳುಗಟ್ಟಲೆ ಅದನ್ನೇ ಹೇಳಿ ಹೇಳಿ ನಗಿಸಿದೆವು. ಅವತ್ತಿನಿಂದ ಅವಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡೋಕೆ ಶುರು ಮಾಡಿದಳು. ಜರ್ಮನಿಯಲ್ಲಿ ನಾಮಪದದ ಮುಂದೆ ಲಿಂಗಕ್ಕೆ ತಕ್ಕ ಹಾಗೆ ಬರುವ ಡೇರ್, ಡೀ, ಡಾಸ್‌ನಲ್ಲಿ ದಿನಕ್ಕೆ ಐವತ್ತು ಸಲ ತಪ್ಪಿದರೂ ಮಾತು ನಿಲ್ಲಿಸದ ಹುಡುಗಿ, ನಮ್ಮನೇಲಿ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟಿದ್ದಳು. ಇದು ನನ್ನ ಮನಸ್ಸನ್ನು ಇನ್ನೂ ಚುಚ್ಚುತ್ತದೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಅವಳೇ ಧಾರವಾಡಕ್ಕೆ ಫೋನು ಮಾಡಿದಳು. ನಮ್ಮತ್ತೆ ಕಿಟೆಲ್ ಕಾಲೇಜಿನಲ್ಲಿ ಓದಿದವರು. ಕನ್ನಡ ನಿಘಂಟು ಮಾಡಿದ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಇದೇ ಟ್ಯೂಬಿಂಗೆನ್‌ನಲ್ಲಿ ಅಂತ ಮಗಳಿಗೆ ಆಗಷ್ಟೇ ಗೊತ್ತಾಗಿತ್ತು. ಅದನ್ನು ಹೇಳೋಕೆ ಮಾಡಿದ ಫೋನು. 'ಹೌದೇನವಾ? ಸಾಹೇಬರ ಊರಾಗ ಇದ್ದೀಯೇನು ನೀ?' ಅಂತ ಅತ್ತೆ ಹಿಗ್ಗಿದರು. ಆಮೇಲೆ ನಲವತ್ತು ನಿಮಿಷ ಮಾತು. ತಡವರಿಸಿದಳು, ಮಧ್ಯೆ ಜರ್ಮನ್ ಪದ ಬಂತಂತೆ, ಆದರೆ ನಿಲ್ಲಿಸಲಿಲ್ಲ. ರಾತ್ರಿ ನನಗೆ ಹೇಳಿದಳು: 'ಅಮ್ಮ, ಜರ್ಮನ್‌ನಲ್ಲೂ ದೊಡ್ಡವರಿಗೆ ನೀವು ಅನ್ನಬೇಕು. ಎಷ್ಟೋ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರತ್ತೆ. ನನಗೆ ಅದು ಹೊಸದು ಅನಿಸಲೇ ಇಲ್ಲ.'

ಹಣದ ಲೆಕ್ಕ ಕೇಳಿದ್ದಿರಿ. ಇಂಗ್ಲೆಂಡಿನ ಯೂನಿವರ್ಸಿಟಿಗಳು ಇಲ್ಲಿನ ಮಕ್ಕಳಿಗೆ ಹೊರದೇಶದ ಆ ಒಂದು ವರ್ಷಕ್ಕೆ ಪೂರ್ತಿ ಫೀಸು ಹಾಕುವ ಹಾಗಿಲ್ಲ, 15 ಶೇಕಡಾ ಮಾತ್ರ. 2025-26ರಲ್ಲಿ ಅದು ಹೆಚ್ಚೆಂದರೆ 1,430 ಪೌಂಡ್. ಹೊರದೇಶದಲ್ಲಿ ಓದೋಕೆ ಹಣದ ಸಹಾಯ ಕೊಡುವ ಯೂರೋಪಿನ ಯೋಜನೆ ಎರಾಸ್ಮಸ್. ಬ್ರೆಕ್ಸಿಟ್ ಆದಮೇಲೆ ಅದು ಹೋಗಿ, 2021ರಲ್ಲಿ ಬ್ರಿಟನ್ ಸರ್ಕಾರದ್ದೇ ಆದ ಟ್ಯೂರಿಂಗ್ ಯೋಜನೆ ಬಂತು. 2027ರಲ್ಲಿ ಬ್ರಿಟನ್ ಮತ್ತೆ ಎರಾಸ್ಮಸ್ ಸೇರಲಿದೆ, ನಿಮ್ಮ ಮಗನ ಹೊತ್ತಿಗೆ ಅನುಕೂಲ ಆಗಬಹುದು. ವೀಸಾ ಮಾತ್ರ ಮೊದಲೇ ನೋಡಿಕೊಳ್ಳಿ. ಸ್ಪೇನ್, ಜರ್ಮನಿಯಂಥ ದೇಶದಲ್ಲಿ 90 ದಿನಕ್ಕಿಂತ ಜಾಸ್ತಿ ಇರೋಕೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಸಾಲದು. ಯೂನಿವರ್ಸಿಟಿ ನೋಡೋಕೆ ಕರೆಯುವ ಓಪನ್ ಡೇಗೆ ಹೋದಾಗ ಕಟ್ಟಡ, ಲೈಬ್ರರಿ ನೋಡಿದ್ದು ಸಾಕು. ಮೂರನೆಯ ವರ್ಷ ಎಲ್ಲಿಗೆ ಕಳಿಸ್ತೀರಿ, ಕೆಲಸ ಹುಡುಕೋಕೆ ಯಾರು ಸಹಾಯ ಮಾಡ್ತಾರೆ, ಅಲ್ಲಿ ಕಷ್ಟ ಆದರೆ ಯಾರಿಗೆ ಫೋನು ಮಾಡಬೇಕು, ಇದನ್ನು ಕೇಳಿ. ನಾನಂತೂ ಕಳಿಸಿ ಅಂತೀನಿ.

ಗುಂಪಿನ ಉಳಿದವರಿಗೂ ಒಂದು ಮಾತು. ನವೆಂಬರ್ ರಾಜ್ಯೋತ್ಸವದ ದಿನ ಚಹಾ, ಚುರುಮುರಿ ಕೌಂಟರನ್ನು ಈ ಸಲ ಹದಿನಾಲ್ಕು ದಾಟಿದ ಮಕ್ಕಳ ಕೈಗೆ ಕೊಡೋಣ್ವಾ? ಎಷ್ಟು ಬೇಕು, ಖಾರ ಹಾಕಲಾ, ಚಿಲ್ಲರೆ ಇದೆಯಾ, ಎಲ್ಲ ಕನ್ನಡದಲ್ಲೇ. ಕ್ಯೂನಲ್ಲಿ ನಿಂತ ನಾವು ಅವರು ವಾಕ್ಯ ಮುಗಿಸೋವರೆಗೂ ಕಾಯಬೇಕು. ಯಾರೂ ನಗಬಾರದು. ಮಗಳು ಆ ವಾರ ಮನೆಗೆ ಬರ್ತಾಳೆ, ಕೌಂಟರ್ ಹಿಂದೆ ತಾನೂ ನಿಲ್ತೀನಿ ಅಂದಿದ್ದಾಳೆ. ಈರುಳ್ಳಿ, ಕೊತ್ತಂಬರಿ ಹೆಚ್ಚಿ ತರೋದು ನನ್ನ ಪಾಲಿಗೆ ಇರಲಿ.