ಹಳೇ ಗಾಡೀಲಿ ಮೈಸೂರಿಂದ ಕಾರವಾರ: ಮೆಕ್ಯಾನಿಕ್ ಅಣ್ಣನಿಗೆ ಕೇಳಿ

ಅಡ್ಮಿನ್: ಡಿಸೆಂಬರ್ ಸವಾರಿ ಮೈಸೂರು, ಮಡಿಕೇರಿ, ಸಂಪಾಜೆ ಘಾಟಿ, ಮಂಗಳೂರು, ಅಲ್ಲಿಂದ ಹೆದ್ದಾರಿ 66 ಹಿಡಿದು ಕಾರವಾರ. ಗಾಡಿ ತಯಾರಿ ಬಗ್ಗೆ ಏನಿದ್ದರೂ ಇಲ್ಲೇ ಕೇಳಿ. ಗ್ಯಾರೇಜ್ ಅಣ್ಣ ಉತ್ತರ ಕೊಡುತ್ತಾರೆ.

ಸ್ಪ್ಲೆಂಡರ್ ತಿಪಟೂರು: ಅಣ್ಣ, 2002ರ ಗಾಡಿ. ಏನೇನು ಮಾಡಿಸಲಿ?

ಗ್ಯಾರೇಜ್ ಅಣ್ಣ: ಇಂಜಿನ್ ಆಯಿಲ್, ಬ್ರೇಕ್ ಶೂ, ಕೇಬಲ್. ಸ್ಪ್ರಾಕೆಟ್ ಹಲ್ಲು ಚೂಪಾಗಿದ್ದರೆ ಚೈನ್ ಸಮೇತ ಸೆಟ್ ಬದಲಿಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2214 ಅಂದರೆ 2014ರ 22ನೇ ವಾರ ತಯಾರಾಗಿದ್ದು. ಅಷ್ಟು ಹಳೇದಾದರೆ ಗ್ರಿಪ್ ಇದ್ದರೂ ಬೇಡ.

ಚೇತಕ್ ಕೊಪ್ಪ: ಸ್ಕೂಟರ್ ತರಬಹುದಾ ಅಣ್ಣ?

ರೋಡ್‌ಕಿಂಗ್ ಹಾಸನ: ಅಣ್ಣ, ಅಪ್ಪನ 1988ರ ಯೆಜ್ಡಿ. ಅರ್ಧ ಗಂಟೆ ಒಂದೇ ಸಮ ಅರವತ್ತರಲ್ಲಿ ಓಡಿಸಿದರೆ ತಾನಾಗೇ ಎಳೆತ ಕಮ್ಮಿಯಾಗಿ ನಿಂತುಬಿಡುತ್ತೆ. ಆಗ ಕಿಕ್ ಇಳಿಯಲ್ಲ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತೆ. ಆಕ್ಸಿಲರೇಟರ್ ಬಿಟ್ಟರೂ ಸೌಂಡ್ ಬೇಗ ಇಳಿಯಲ್ಲ. ಪ್ಲಗ್ ಬದಲಿಸಿದರೆ ಸಾಕಾ?

ಗ್ಯಾರೇಜ್ ಅಣ್ಣ: ಪ್ಲಗ್ ಅಲ್ಲ. ಮೊದಲು ಗಾಡಿ ನಿಲ್ಲಿಸಿ. ಕಿಕ್ ಇಳಿಯಲ್ಲ ಅಂದರೆ ಪಿಸ್ಟನ್ ಬಿಸಿಗೆ ಉಬ್ಬಿ ಬೋರನ್ನು, ಅಂದರೆ ಅದು ಓಡಾಡುವ ಕೊಳವೆಯನ್ನು, ಹಿಡಿದುಕೊಳ್ಳುತ್ತಿದೆ. ಇನ್ನೊಂದು ಸಲ ಓಡುವಾಗ ಹಿಡಿದರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಎಳೆತ ಕಮ್ಮಿ ಅನ್ನಿಸಿದ ತಕ್ಷಣ ಕ್ಲಚ್ ಒತ್ತಬೇಕು. ಇದನ್ನು ಟೂ ಸ್ಟ್ರೋಕಿನವರೆಲ್ಲ, ಅಂದರೆ ಪೆಟ್ರೋಲ್ ಜೊತೆ ಆಯಿಲೂ ಉರಿಯುವ ಹಳೇ ಇಂಜಿನ್ನಿನವರೆಲ್ಲ, ನೆನಪಿಡಿ.

ಸೌಂಡ್ ಇಳಿಯಲ್ಲ ಅಂದಿರಲ್ಲ, ನನಗೆ ಅದೇ ಅನುಮಾನ. ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಜಾಗವೇ ಪೆಟ್ರೋಲ್ ಎಳೆಯೋದು. ಡೈನಮೋ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ, ಬಿಸಿ ಜಾಸ್ತಿ. ಪೆಟ್ರೋಲ್ ಕಮ್ಮಿಯಾದಷ್ಟೂ ಅದರ ಜೊತೆ ಬರುವ ಆಯಿಲೂ ಕಮ್ಮಿ. ಪ್ಲಗ್ ಬಿಸ್ಕತ್ ಬಣ್ಣ ಇದೆಯಾ, ಬೆಳ್ಳಗಿದೆಯಾ ನೋಡಿ ಹೇಳಿ. ಬಿಸ್ಕತ್ ಬಣ್ಣ ಸರಿ, ಬೆಳ್ಳಗಿದ್ದರೆ ಬಿಸಿ ಜಾಸ್ತಿ. ಡೈನಮೋ ಕವರ್ ಬಿಚ್ಚಿ, ಒಳಗೆ ಜಿಡ್ಡು ಹರಡಿದ್ದರೆ ಸೀಲ್ ಹೋಗಿದೆ. ಕಾರ್ಬುರೇಟರ್ ಜಾಯಿಂಟಿನ ಪ್ಯಾಕಿಂಗೂ ನೋಡಿಸಿ. ಕ್ಲಚ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್‌ಬಾಕ್ಸ್ ಆಯಿಲ್ ಕಮ್ಮಿಯಾಗುತ್ತಾ ಹೋಗುತ್ತೆ, ಬಿಳಿ ಹೊಗೆ ನಿಲ್ಲಲ್ಲ.

ಶಿರಸಿ ಮಾವ: ಇಷ್ಟೆಲ್ಲ ಯಾಕೆ? ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಲೀಟರಿಗೆ 80 ಎಂಎಲ್ ಹಾಕಿದರೆ ಜಾಮ್ ಆಗಲ್ಲ ಅಂತ ಬಂದಿದೆ. ಫಾರ್ವರ್ಡ್ ಮಾಡಿದ್ದೇನೆ ನೋಡಿ.

ಗ್ಯಾರೇಜ್ ಅಣ್ಣ: ಮಾವ, ದಯವಿಟ್ಟು ಬೇಡ. ಕಾರ್ಬುರೇಟರಲ್ಲಿ ಪೆಟ್ರೋಲ್ ಬರುವ ಜೆಟ್ಟಿನ ತೂತು ಅಷ್ಟೇ ಇರುತ್ತೆ. ಆಯಿಲ್ ಜಾಸ್ತಿ ಹೋದಷ್ಟು ಪೆಟ್ರೋಲ್ ಕಮ್ಮಿ ಹೋಗುತ್ತೆ. ಬಿಸಿ ಇನ್ನೂ ಏರುತ್ತೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತೆ. ಆ ಯೆಜ್ಡಿಗೆ 40 ಸಾಕು.

ಆರ್‌ಎಕ್ಸ್ ತುಮಕೂರು: ಹೊಸ ಪೆಟ್ರೋಲಿನಿಂದ ತೊಂದರೆನಾ ಅಣ್ಣ?

ಗ್ಯಾರೇಜ್ ಅಣ್ಣ: 20 ಪರ್ಸೆಂಟ್ ಎಥೆನಾಲ್ ಇರುತ್ತೆ. ಹಳೇ ರಬ್ಬರಿಗೆ ಆಗಿಬರಲ್ಲ. ಪೆಟ್ರೋಲ್ ಪೈಪ್, ಕಾರ್ಬುರೇಟರ್ ರಬ್ಬರ್ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕಲ್ಲಿ ಬಿಡಬೇಡಿ, ನೀರು ಎಳೆದುಕೊಳ್ಳುತ್ತೆ.

ಶಿರಸಿ ಮಾವ: ಅದಕ್ಕೇ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಬೇಕು. ಮೈಲೇಜೂ ಬರುತ್ತೆ.

ಗ್ಯಾರೇಜ್ ಅಣ್ಣ: ನುಸಿಗುಳಿಗೆ ಬೀರುವಿಗೆ. ಟ್ಯಾಂಕಿಗೆ ಹಾಕಿದ ಗಾಡಿ ನನ್ನ ಹತ್ತಿರ ತರಬೇಡಿ.

ಬುಲೆಟ್ ಮಂಡ್ಯ: ಟೂ ಸ್ಟ್ರೋಕ್ ಗಾಡಿಗಳನ್ನೇ ಬಿಟ್ಟು ಬಂದರೆ ಅರ್ಧ ತಲೆನೋವು ಹೋಗುತ್ತೆ.

ಆರ್‌ಎಕ್ಸ್ ತುಮಕೂರು: ಹೌದು ಸಾರ್, ನಿಮ್ಮ ಬುಲೆಟ್ ನಿಂತ ಕಡೆಯೆಲ್ಲ ಆಯಿಲಲ್ಲಿ ಸಹಿ ಹಾಕುತ್ತೆ. ನಾವು ದಾರಿ ತಪ್ಪಲ್ಲ, ಸಹಿ ನೋಡಿಕೊಂಡೇ ಬರುತ್ತೇವೆ.

ಬುಲೆಟ್ ಮಂಡ್ಯ: ಸಂಪಾಜೆ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ವೇಗ ತಡೆಯುವ ಇಂಜಿನ್ ಬ್ರೇಕ್ ಇಲ್ಲದೆ ಏನು ಮಾಡ್ತೀರ ನೋಡೋಣ.

ಆರ್‌ಎಕ್ಸ್ ತುಮಕೂರು: ನೀವು ಮೊದಲು ಕಿಕ್ ಹೊಡೆದು ಹೊರಡಿ.

ಅಡ್ಮಿನ್: ಇಬ್ಬರೂ ಸಾಕು.

ಗ್ಯಾರೇಜ್ ಅಣ್ಣ: ಘಾಟಿ ಮಾತು ಬಂತು ಅಂತ ಹೇಳುತ್ತೇನೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಉದ್ದಕ್ಕೆ ಇಳಿಯಬೇಡಿ. ಪೆಟ್ರೋಲ್ ಹೋಗದಿದ್ದರೆ ಆಯಿಲೂ ಇಲ್ಲ. ಆಗಾಗ ಕ್ಲಚ್ ಒತ್ತಿ ಒಂಚೂರು ರೈಸ್ ಮಾಡಿ. ನ್ಯೂಟ್ರಲ್ ಹಾಕಿ ಇಂಜಿನ್ ಆಫ್ ಮಾಡಿ ಇಳಿಯುವವರು ನನ್ನನ್ನು ಏನೂ ಕೇಳಬೇಡಿ.

ಹೊಸ ಸದಸ್ಯ: ಅಣ್ಣ, ಲೀಟರಿಗೆ ಎಷ್ಟು ಆಯಿಲ್?

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಸಿಡಿ100 ಗದಗ: ಟೈರ್ ವರ್ಷ ಎಲ್ಲಿ ನೋಡೋದು?

ಗ್ಯಾರೇಜ್ ಅಣ್ಣ: ಮೇಲೆ.

ಚೇತಕ್ ಕೊಪ್ಪ: ನನ್ನ ಪ್ರಶ್ನೆ ಬೆಳಿಗ್ಗೆಯಿಂದ ಹಾಗೇ ಇದೆ.

ರೋಡ್‌ಕಿಂಗ್ ಹಾಸನ: ಪ್ಲಗ್ ಬೆಳ್ಳಗಿದೆ. ಡೈನಮೋ ಒಳಗೆಲ್ಲ ಜಿಡ್ಡು. ನಮ್ಮೂರ ಮೆಕ್ಯಾನಿಕ್ ಬೋರ್ ಬಿಚ್ಚಿದರು, ಪಿಸ್ಟನ್ ಮೇಲೆ ಸೈಲೆನ್ಸರ್ ಕಡೆ ಉದ್ದುದ್ದ ಗೀರು. ಉಪ್ಪುಕಾಗದ ಹಾಕಿ ಉಜ್ಜಿದರೆ ಆಗುತ್ತೆ ಅಂತಾರೆ.

ಗ್ಯಾರೇಜ್ ಅಣ್ಣ: ಉಜ್ಜಿದರೆ ಪೇಟೆ ಸುತ್ತಬಹುದು, ಕಾರವಾರಕ್ಕೆ ಆಗಲ್ಲ. ಬೋರ್ ಅಳತೆ ಮಾಡಿಸಿ, ಬೇಕಿದ್ದರೆ ಲೇತಲ್ಲಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಎರಡೂ ಸೀಲ್ ಹೊಸದು. ಅದಕ್ಕೂ ಮೊದಲು ಕ್ರ್ಯಾಂಕ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಸಡಿಲ ಇದ್ದರೆ ಬೇರಿಂಗ್ ಹೋಗಿದೆ, ಹೊಸ ಸೀಲೂ ಬಾಳಲ್ಲ. ಬೋರ್ ಆದ ಮೇಲೆ ಮೊದಲ 500 ಕಿ.ಮೀ. ಊರ ಸುತ್ತಲೇ ನಿಧಾನಕ್ಕೆ. ಡಿಸೆಂಬರಿಗೆ ಆಗದಿದ್ದರೆ ಯಾರದಾದರೂ ಹಿಂದೆ ಕೂತು ಬನ್ನಿ.

ಸ್ಪ್ಲೆಂಡರ್ ತಿಪಟೂರು: ನನ್ನ ಹಿಂದೆ ಲಗೇಜ್ ಇದೆ.