ಪದಚರ್ಚೆ: ರಗ್ಬಿ ಲೀಗ್ ಬರಹದಲ್ಲಿ ‘ಟ್ರೈ’, ‘ವಿಂಗರ್’, ‘ಕ್ಯಾಪ್’

ಪ್ರಶ್ನೆ: 1950ರ ದಶಕದ ರಗ್ಬಿ ಲೀಗ್ ಆಟಗಾರ ಮಿಕ್ ಸಲಿವನ್ ಬಗ್ಗೆ ಒಂದು ಕಿರುಬರಹ ತಯಾರಾಗುತ್ತಿದೆ. ಕರಡಿನ ಸಾಲು ಹೀಗಿದೆ: “ಇಂಗ್ಲೆಂಡಿನ ರೆಕ್ಕೆ ಆಟಗಾರ ಸಲಿವನ್ 46 ಟೋಪಿ ಪಡೆದು 41 ಪ್ರಯತ್ನಗಳನ್ನು ಗಳಿಸಿದರು, 1957ರಲ್ಲಿ 9,500 ಪೌಂಡಿಗೆ ವಿಗನ್‌ಗೆ ವರ್ಗವಾದರು.” ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು?

ಉತ್ತರ: ಮೊದಲು ‘ಪ್ರಯತ್ನ’ ತೆಗೆಯಿರಿ. ಅದು ರಗ್ಬಿಯ ‘ಟ್ರೈ’ ಎಂಬ ಇಂಗ್ಲಿಷ್ ಪದದ ನೇರ ಅನುವಾದ. 41 ಪ್ರಯತ್ನ ಎಂದರೆ 41 ಸಲ ಯತ್ನಿಸಿದರು, ಕೈಗೂಡಿತೋ ಇಲ್ಲವೋ ಗೊತ್ತಿಲ್ಲ ಎಂದೇ ಓದುಗರು ತಿಳಿಯುತ್ತಾರೆ. ರಗ್ಬಿಯ ಆರಂಭದ ದಿನಗಳಲ್ಲಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ಒಂದು ಅವಕಾಶ ಸಿಗುತ್ತಿತ್ತು, ಅಷ್ಟೇ. ‘ಟ್ರೈ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಸಲಿವನ್ ಕಾಲಕ್ಕೆ ಒಂದು ಟ್ರೈಗೆ 3 ಅಂಕ, ಗೋಲಿಗೆ 2. ಹಾಗಾಗಿ ‘ಟ್ರೈ’ ಎಂದೇ ಬರೆದು, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಡಿ: ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು. ‘ಗೆರೆ ದಾಟುವುದು’ ಎಂದಷ್ಟೇ ಬರೆದರೆ ತಪ್ಪಾಗುತ್ತದೆ. ದಾಟಿದ ಮೇಲೂ ಒತ್ತುವ ಮುನ್ನ ಚೆಂಡು ಕೈಜಾರಿದರೆ, ಇಲ್ಲವೇ ಕಾಲು ಬದಿಗೆರೆ ತುಳಿದರೆ ಟ್ರೈ ಇಲ್ಲ. ಬದಿಗೆರೆಗೆ ಅಂಟಿಕೊಂಡೇ ಓಡುವ ವಿಂಗರ್‌ಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು. ಒಂದು ಎಚ್ಚರಿಕೆ: ಟ್ರೈಗೆ 4 ಅಂಕ ಬಂದದ್ದು 1983ರಲ್ಲಿ. 41 ಟ್ರೈಗಳನ್ನು ಅಂಕಕ್ಕೆ ಇಳಿಸುವುದಾದರೆ 123 ಎಂದಾಗಬೇಕು, 164 ಅಲ್ಲ.

‘ರೆಕ್ಕೆ ಆಟಗಾರ’ ಕಿವಿಗೆ ಹೊಂದುವುದಿಲ್ಲ. ‘ಪಾರ್ಶ್ವ ಆಟಗಾರ’ ಎಂದರೆ ರಗ್ಬಿ ಯೂನಿಯನ್ (15 ಜನರ ಇನ್ನೊಂದು ಬಗೆಯ ರಗ್ಬಿ) ಆಟದ ಫ್ಲ್ಯಾಂಕರ್ ಎಂಬ ಮುಂಪಡೆ ಆಟಗಾರನ ಜೊತೆ ಗೊಂದಲ. ಲೀಗ್ 1906ರಲ್ಲಿ 13 ಜನರ ಆಟವಾದಾಗ ಫ್ಲ್ಯಾಂಕರ್‌ಗಳ ಎರಡು ಸ್ಥಾನಗಳೇ ಹೋದವು. ಹಾಕಿ, ಫುಟ್‌ಬಾಲ್ ವರದಿಗಳಿಂದ ‘ವಿಂಗರ್’ ನಮಗೆ ಪರಿಚಿತ, ಅದೇ ಇರಲಿ. ಬೇಕಿದ್ದರೆ ‘ಎಡ ಅಂಚಿನ ಓಟಗಾರ’ ಎಂದು ಒಮ್ಮೆ ಬಿಡಿಸಿ ಹೇಳಬಹುದು. ವಿಗನ್ ತಂಡದಲ್ಲಿ ಬಲ ಅಂಚು ಬಿಲ್ಲಿ ಬೋಸ್ಟನ್ ಅವರದು, ಎಡ ಅಂಚು ಸಲಿವನ್ ಅವರದು. ಲೀಗ್‌ನಲ್ಲಿ ವಿಂಗರ್‌ಗಳ ಅಂಗಿ ಸಂಖ್ಯೆ 2 ಮತ್ತು 5. ಯೂನಿಯನ್ನಿನ 11, 14 ಇಲ್ಲಿ ನುಸುಳದಂತೆ ನೋಡಿಕೊಳ್ಳಿ.

‘ಟೋಪಿ’ ಎಂಬುದು ‘ಕ್ಯಾಪ್’ನ ನೇರ ಅನುವಾದ; ಕ್ಯಾಪ್ ಎಂದರೆ ದೇಶದ ಪರ ಆಡಿದ ಒಂದು ಪಂದ್ಯ. ಅದಕ್ಕೆ ಬದಲು ‘46 ಟೆಸ್ಟ್ ಹಾಗೂ ವಿಶ್ವಕಪ್ ಪಂದ್ಯ’ ಎಂದು ಬಿಡಿಸಿ ಬರೆಯುವುದು ಸರಿ. ‘ಟೆಸ್ಟ್’ ಎಂದು ಮಾತ್ರ ಬರೆದರೆ ಕ್ರಿಕೆಟ್ ಓದುಗರಿಗೆ ಐದು ದಿನದ ಆಟ ನೆನಪಾಗುತ್ತದೆ. ಇಲ್ಲಿ ಅದು 80 ನಿಮಿಷದ ಅಂತರರಾಷ್ಟ್ರೀಯ ಪಂದ್ಯ.

ಇನ್ನೊಂದು ಉತ್ತರ: ಪದಕ್ಕಿಂತ ದೊಡ್ಡ ತಪ್ಪು ‘ಇಂಗ್ಲೆಂಡ್’. ಆ 46 ಪಂದ್ಯಗಳು ಗ್ರೇಟ್ ಬ್ರಿಟನ್ ಪರ ಆಡಿದವು. ಸಲಿವನ್ ಇಂಗ್ಲೆಂಡ್ ಪರವೂ ಆಡಿದ್ದಾರೆ, ಅದರ ಲೆಕ್ಕ ಬೇರೆ. 1954ರ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸನ್ನು 16–12ರಿಂದ ಸೋಲಿಸಿದ್ದೂ 1960ರಲ್ಲಿ ಕಪ್ ಗೆದ್ದದ್ದೂ ಬ್ರಿಟನ್ನೇ. 1958ರ ಸಿಡ್ನಿಯ ಮೂರನೇ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ 40–17ರಿಂದ ಸೋತಾಗ ಸಲಿವನ್ ಮೂರು ಟ್ರೈ ಗಳಿಸಿದರು. ಇದನ್ನು ‘ಹ್ಯಾಟ್ರಿಕ್’ ಎನ್ನಬಹುದು, ಆದರೆ ‘ಸತತ ಮೂರು’ ಎಂದು ವಿವರಿಸಬೇಡಿ. ನಡುವೆ ಬೇರೆಯವರು ಅಂಕ ಗಳಿಸಿದ್ದರೂ ಹ್ಯಾಟ್ರಿಕ್ಕೇ.

‘ವರ್ಗವಾದರು’ ಎಂದರೆ ಸರ್ಕಾರಿ ನೌಕರಿಯ ನೆನಪು. ‘ಹರಾಜು’ ಎಂದರೆ ಐಪಿಎಲ್. ಅಲ್ಲಿ ಕೂಗಿದ ಮೊತ್ತ ಆಟಗಾರನ ಸಂಬಳ. 9,500 ಪೌಂಡು ಹೋದದ್ದು ವಿಗನ್ ಕ್ಲಬ್ಬಿನಿಂದ ಹಡರ್ಸ್‌ಫೀಲ್ಡ್ ಕ್ಲಬ್ಬಿಗೆ, ಆಟಗಾರನನ್ನು ಬಿಟ್ಟುಕೊಟ್ಟದ್ದಕ್ಕೆ. 1961ರಲ್ಲಿ ಸೇಂಟ್ ಹೆಲೆನ್ಸ್ ಕೊಟ್ಟ 11,000 ಪೌಂಡೂ ಹಾಗೆಯೇ, ಎರಡೂ ಆಗಿನ ದಾಖಲೆ. ‘ಟ್ರಾನ್ಸ್‌ಫರ್ ಶುಲ್ಕ’ ಎನ್ನಿ, ಕೊಟ್ಟವರು ಯಾರು, ಪಡೆದವರು ಯಾರು ಎರಡನ್ನೂ ಬರೆಯಿರಿ.

ತಿದ್ದಿದ ಸಾಲು: “ವಿಂಗರ್ ಮಿಕ್ ಸಲಿವನ್ ಗ್ರೇಟ್ ಬ್ರಿಟನ್ ಪರ 46 ಟೆಸ್ಟ್ ಹಾಗೂ ವಿಶ್ವಕಪ್ ಪಂದ್ಯಗಳಲ್ಲಿ 41 ಟ್ರೈ ಗಳಿಸಿದರು, 1957ರಲ್ಲಿ ವಿಗನ್ ಕ್ಲಬ್ಬು 9,500 ಪೌಂಡ್ ಟ್ರಾನ್ಸ್‌ಫರ್ ಶುಲ್ಕ ತೆತ್ತು ಅವರನ್ನು ಹಡರ್ಸ್‌ಫೀಲ್ಡ್‌ನಿಂದ ಪಡೆಯಿತು.”

‘ರಗ್ಬಿ ಲೀಗ್’ ಮುಂದೆ ‘ಟೂರ್ನಿ’ ಸೇರಿಸಬೇಡಿ. ಅದು ಆಟದ ಹೆಸರು. ‘ಟ್ಯಾಕಲ್’ ಕಬಡ್ಡಿಯಿಂದಾಗಿ ಕನ್ನಡಕ್ಕೆ ಒಗ್ಗಿದೆ, ಹಾಗೇ ಬಳಸಿ. ಆದರೆ ಸಲಿವನ್ ಆಟದ ವರ್ಣನೆಯಲ್ಲಿ ‘ಆರನೇ ಟ್ಯಾಕಲ್’ ಬರಬಾರದು: ಚೆಂಡು ಕಳೆದುಕೊಳ್ಳುವ ಮುನ್ನ ಒಂದು ತಂಡ ಇಷ್ಟೇ ಸಲ ಹಿಡಿಸಿಕೊಳ್ಳಬಹುದು ಎಂಬ ಟ್ಯಾಕಲ್ ಮಿತಿ 1966ರವರೆಗೆ ಇರಲೇ ಇಲ್ಲ, ಆಗ ಬಂದದ್ದು ನಾಲ್ಕು, 1972ರಲ್ಲಿ ಆರು. ಉಳಿದದ್ದು ‘ಪ್ಲೇ-ದ-ಬಾಲ್’: ಹಿಡಿಸಿಕೊಂಡವನು ಎದ್ದುನಿಂತು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಆಟಕ್ಕೆ ಬಿಡುವ ಕ್ರಿಯೆ. ಇದಕ್ಕೆ ‘ಚೆಂಡು ಬಿಡುಗಡೆ’ ಎನ್ನುವುದು ನನ್ನ ಸಲಹೆ. ಕಬಡ್ಡಿ, ಹಾಕಿ ವರದಿ ಬರೆಯುವವರ ಬಳಿ ಇದಕ್ಕಿಂತ ಚುರುಕಾದ ಪದವಿದ್ದರೆ ತಿಳಿಸಿ.