ಮನಸ್ಸಿನ ವಿಜ್ಞಾನ ಓದಲು ಕಲಬುರಗಿಯಿಂದ ಹೊರಟವರ ಅನುಭವ

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಮನೋವಿಜ್ಞಾನವೂ ಒಂದು ವಿಷಯ. ನಮ್ಮ ಯೋಚನೆ, ನೆನಪು, ತೀರ್ಮಾನಗಳು ಹೇಗೆ ನಡೆಯುತ್ತವೆ, ವಿಕಾಸದ ಹಾದಿಯಲ್ಲಿ ಅವು ಹೀಗೇ ಏಕಾದವು ಎಂಬುದನ್ನು ಸ್ನಾತಕೋತ್ತರದಲ್ಲಿ ಓದುವ ಆಸೆ. ಮನೆಯಲ್ಲಿ ಬಿ.ಇಡಿ. ಮಾಡು ಎನ್ನುತ್ತಾರೆ. ಎಲ್ಲಿ ಸೇರಬೇಕು? ಗಣಿತ ಬರದಿದ್ದರೆ ನಡೆಯುತ್ತದೆಯೇ?

ಉತ್ತರ 1: ವಿಕಾಸವಾದಿ ಮನೋವಿಜ್ಞಾನ ಎಂಬ ಫಲಕ ಹಾಕಿಕೊಂಡ ವಿಭಾಗವನ್ನು ಹುಡುಕುತ್ತ ನಾನು ಒಂದು ವರ್ಷ ಹಾಳು ಮಾಡಿಕೊಂಡೆ. ನೀವು ಆ ಫಲಕದ ಹಿಂದೆ ಹೋಗಬೇಡಿ. ಕಾಗ್ನಿಟಿವ್ ಸೈನ್ಸ್, ಅಂದರೆ ಯೋಚನೆ, ನೆನಪು, ತೀರ್ಮಾನಗಳನ್ನು ಅಧ್ಯಯನ ಮಾಡುವ ಸಂಜ್ಞಾನ ವಿಜ್ಞಾನದ ಬಾಗಿಲಿನಿಂದ ಒಳಗೆ ಹೋಗಿ, ವಿಕಾಸದ ಪ್ರಶ್ನೆಯನ್ನು ಜೊತೆಗೆ ಒಯ್ಯಿರಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2002ರಿಂದ ಇದಕ್ಕೆಂದೇ ಒಂದು ಕೇಂದ್ರವಿದೆ. ಗಾಂಧಿನಗರದ ಐಐಟಿಯಲ್ಲಿ ಎಂ.ಎಸ್ಸಿ. ಇದೆ. ರೈಲು ಹತ್ತಿದರೆ ಸಿಗುವ ಹೈದರಾಬಾದ್ ವಿಶ್ವವಿದ್ಯಾಲಯದಲ್ಲೂ ನರ ಮತ್ತು ಸಂಜ್ಞಾನ ವಿಜ್ಞಾನದ ಕೇಂದ್ರವಿದೆ. ದೂರ ಹೋಗುವುದು ಕಷ್ಟವೆಂದರೆ ಆಳಂದ ರಸ್ತೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದಿ. ಅಲ್ಲಿಗೆ ಸಿಯುಇಟಿ ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು.

ಈ ವಿಷಯದ ರುಚಿ ನನಗೆ ಹತ್ತಿದ್ದು ಮಾತ್ರ ತರಗತಿಯಲ್ಲಲ್ಲ, ಸೂಪರ್ ಮಾರ್ಕೆಟ್‌ ಹತ್ತಿರದ ನಮ್ಮ ಮಾವನ ಕಿರಾಣಿ ಅಂಗಡಿಯಲ್ಲಿ. ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಬರೆದ ಒಂದು ಒಗಟಿದೆ. ನಾಲ್ಕು ಚೀಟಿ ಇಟ್ಟೆ: ಅ, ಕ, 4, 7. 'ಒಂದು ಬದಿಗೆ ಸ್ವರ ಇದ್ದರೆ ಇನ್ನೊಂದು ಬದಿಗೆ ಸಮಸಂಖ್ಯೆ ಇರಬೇಕು. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ್ಯಾವ ಚೀಟಿ ತಿರುವಬೇಕು?' ಮಾವ 'ಅ' ಮತ್ತು '4' ಎಂದ. ತಪ್ಪು, ಬಹಳ ಜನ ಹೀಗೆಯೇ ಹೇಳುತ್ತಾರೆ. ತಿರುವಬೇಕಾದದ್ದು 'ಅ' ಮತ್ತು '7': 7ರ ಹಿಂದೆ ಸ್ವರ ಇದ್ದರೆ ನಿಯಮ ಮುರಿದಂತೆ, 4ರ ಹಿಂದೆ ಏನಿದ್ದರೂ ಮುರಿಯುವುದಿಲ್ಲ. ನಂತರ ಅದೇ ಒಗಟನ್ನು ಉದ್ರಿ ಲೆಕ್ಕದ ರೂಪದಲ್ಲಿ ಇಟ್ಟೆ: 'ಉದ್ರಿ ಒಯ್ದವನ ಸಹಿ ಇರಲೇಬೇಕು.' ಚೀಟಿಗಳು: ಉದ್ರಿ, ನಗದು, ಸಹಿ ಇದೆ, ಸಹಿ ಇಲ್ಲ. ಬೇಳೆ ತೂಗುತ್ತಲೇ, ತಲೆ ಎತ್ತದೆ, 'ಉದ್ರಿ ಚೀಟಿ ನೋಡು, ಸಹಿ ಇಲ್ಲದ್ದು ನೋಡು, ಉಳಿದದ್ದು ಯಾಕೆ ಬೇಕು' ಎಂದ. ತರ್ಕ ಎರಡರಲ್ಲೂ ಒಂದೇ!

ಕೊಡು–ಕೊಳ್ಳುವಿಕೆಯಲ್ಲಿ ಮೋಸ ಹಿಡಿಯುವುದಕ್ಕೆಂದೇ ಮನಸ್ಸು ವಿಕಾಸದಲ್ಲಿ ಹದಗೊಂಡಿದೆ ಎಂದು ಮನೋವಿಜ್ಞಾನಿ ಲೀಡಾ ಕಾಸ್ಮಿಡೆಸ್ 1989ರಲ್ಲಿ ವಾದಿಸಿದರು. ಹಾಗೇನಿಲ್ಲ, ಪ್ರಶ್ನೆ ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂದು 1995ರಲ್ಲಿ ಡಾನ್ ಸ್ಪರ್ಬರ್ ಮತ್ತು ಸಂಗಡಿಗರು ತೋರಿಸಿದರು. ಎರಡನ್ನೂ ಓದಿ, ಯಾವುದು ಸರಿ ಎನಿಸುತ್ತದೆ ಎಂದು ಜಗಳವಾಡುವ ಉಮೇದು ನಿಮಗೆ ಬಂದರೆ ಈ ಓದು ನಿಮ್ಮದು. 'ಆದಿಮಾನವನ ಕಾಲದಿಂದಲೂ ಗಂಡಸರು ಹೀಗೇ' ಎಂಬ ಮೊಬೈಲ್ ವಿಡಿಯೊಗಳನ್ನು ನೋಡಿ ಬರುವವರು ಮೊದಲ ಸೆಮಿಸ್ಟರಿನಲ್ಲೇ ಬೇಸತ್ತು ಹೋಗುತ್ತಾರೆ. ನಾನೂ ಅರ್ಧ ಹಾಗೆಯೇ ಬಂದವನು. ಇರುವ ಪ್ರತಿ ಗುಣಕ್ಕೂ ಒಂದು ಉಪಯೋಗದ ಕಥೆ ಕಟ್ಟಬೇಡಿ ಎಂದು ಜೀವವಿಜ್ಞಾನಿಗಳಾದ ಗೌಲ್ಡ್ ಮತ್ತು ಲೆವಾಂಟಿನ್ 1979ರಲ್ಲೇ ಎಚ್ಚರಿಸಿದ್ದರು. ಆ ಲೇಖನ ಓದಿದ ಮೇಲೆ ನನ್ನ ಬಾಯಿ ಸ್ವಲ್ಪ ಕಡಿಮೆಯಾಯಿತು.

ಉತ್ತರ 2: ಗಣಿತದ ಬಗ್ಗೆ ಯಾರೂ ನಿಜ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಲನಶಾಸ್ತ್ರ ಬೇಡ, ಸಂಖ್ಯಾಶಾಸ್ತ್ರ ಬಿಡುವುದಿಲ್ಲ. ಈ ಬೇಸಿಗೆಯಲ್ಲೇ ಅಂಕಿ ಲೆಕ್ಕ ಹಾಕುವ 'ಆರ್' ತಂತ್ರಾಂಶ ಕಲಿಯಲು ಕುಳಿತುಕೊಳ್ಳಿ. ಪ್ರಯೋಗ ಕಟ್ಟಲು 'ಸೈಕೋಪೈ' ಇದೆ, ಎರಡೂ ಉಚಿತ. ಮನೋವಿಜ್ಞಾನದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ನಿಂತವು. ಏಕೆ ಬಿದ್ದವು ಎಂದು ತಿಳಿಯಲು ಅಂಕಿಯೇ ಬೇಕು.

ನನ್ನ ಮೊದಲ ಪ್ರಯೋಗವೂ ಬಿತ್ತು ಎಂದುಕೊಂಡಿದ್ದೆ. ಸ್ಟ್ರೂಪ್ ಪರೀಕ್ಷೆ: 'ಕೆಂಪು' ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಓದದೆ ಬಣ್ಣವನ್ನಷ್ಟೇ ಹೇಳಿಸುವುದು. ಎಲ್ಲರೂ ತಡವರಿಸುತ್ತಾರೆ. ನನ್ನ ಉರ್ದು ಮಾಧ್ಯಮದ ಗೆಳೆಯರು ಪಟಪಟನೆ ಹೇಳಿ ಮುಗಿಸಿದರು. ಲೆಕ್ಕ ಕೆಡಿಸಿದರು ಎಂದು ಅವರ ಅಂಕಿಗಳನ್ನು ಬೇರೆ ಹಾಳೆಗೆ ಎತ್ತಿಟ್ಟೆ. ಮಾರ್ಗದರ್ಶಕರು ಆ ಹಾಳೆಯನ್ನೇ ಮೊದಲು ಕೇಳಿದರು. ಕನ್ನಡ ಲಿಪಿಯನ್ನು ನಿಧಾನವಾಗಿ ಓದುವವರಿಗೆ ಪದ ಅಡ್ಡ ಬರುವುದೂ ಕಡಿಮೆ. ಕನ್ನಡ, ಉರ್ದು, ತೆಲುಗು, ಮರಾಠಿ ಒಂದೇ ಓಣಿಯಲ್ಲಿ ಕೇಳುವ ಊರಿನಿಂದ ಬಂದೂ ನಾನು ಮೊದಲು ಕೈಬಿಟ್ಟದ್ದು ಈ ಭಾಷೆಯ ವ್ಯತ್ಯಾಸವನ್ನೇ ನೋಡಿ.

ಉತ್ತರ 3: ಒಂದು ಮಾತು. ಇದನ್ನು ಓದಿದರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಕೋರ್ಸ್ ಬೇರೆ. ಮನೆಯವರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ, ಉತ್ತರ ಇಟ್ಟುಕೊಂಡಿರಿ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಮನೋವಿಜ್ಞಾನವಿದೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಪಿಎಚ್.ಡಿ.ಗೆ ಮನೆಯ ದುಡ್ಡು ಕೇಳಬೇಕಾಗಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಹೊರರಾಜ್ಯದ ಪ್ರವೇಶಕ್ಕೆ ನಡೆಯುವುದಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಪ್ಪನ ಮುಂದೆ ಚೀಟಿ ಇಟ್ಟೆ. ಮೊದಲ ಸಲ 'ಅ' ಮತ್ತು '4' ಎಂದರು. ಉದ್ರಿ ಚೀಟಿ ಇಟ್ಟಾಗ, ನಗದು ಕೊಟ್ಟವನ ಸಹಿ ಏಕೆ ಹುಡುಕಬೇಕು ಎಂದು ನನ್ನನ್ನೇ ಬೈದರು. ಬಿ.ಇಡಿ. ಅರ್ಜಿಯ ಕೊನೆಯ ದಿನವನ್ನೂ ನೆನಪಿಸಿದರು.